ಪಕ್ಕೆಲುಬಿನ ಸಾಲ

ಕೆಟ್ಟಿರುವುದು ಮೊಣಕೈ. ಅದಕ್ಕಾಗಿ ಯಾವ ತಪ್ಪೂ ಮಾಡದ ಪಕ್ಕೆಲುಬಿಗೆ ಕತ್ತಿ ಹಾಕುವುದು ನ್ಯಾಯವೇ? ಸಾಲ ಕೊಟ್ಟವನೂ ಪಡೆದವನೂ ಒಬ್ಬನೇ ತಾನೆ ಎಂದು ಓದುಗ ಮಿತ್ರರು ನಗಬಹುದು. ಆದರೆ ಚೆನ್ನಾಗಿರುವ ಭಾಗವನ್ನು ಗಾಯಗೊಳಿಸುವುದು ವೈದ್ಯನಿಗೆ ಸಣ್ಣ ಮಾತಲ್ಲ.

ಕೀಲುಗಳಲ್ಲಿ ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದರಲ್ಲಿ ರಕ್ತನಾಳಗಳಿಲ್ಲ, ಕೆಟ್ಟರೆ ಚರ್ಮದ ಹಾಗೆ ಮಾಯುವುದಿಲ್ಲ. 1743ರಲ್ಲೇ ವಿಲಿಯಂ ಹಂಟರ್ ಇದನ್ನು ಬರೆದಿಟ್ಟಿದ್ದಾನೆ. ಪಕ್ಕೆಲುಬಿನ ಮುಂತುದಿಯಲ್ಲಿ ಅದೇ ಜಾತಿಯ ಮೃದ್ವಸ್ಥಿ ಧಾರಾಳವಾಗಿದೆ. ಸುಮಾರು 1920ರಲ್ಲಿ ಹೆರಾಲ್ಡ್ ಗಿಲೀಸ್ ಅದನ್ನು ದವಡೆಯ ಕೀಲಿಗೆ ಬಳಸಿದ. ಗದ್ದ ಊರಿ ಬಿದ್ದು ದವಡೆ ಬಿಗಿದುಕೊಂಡ ಮಗು ಬಾಯಿ ತೆರೆಯಲಾರದು, ಒಂದು ತುತ್ತು ಅನ್ನ ನೆಟ್ಟಗೆ ತಿನ್ನಲಾರದು. ಅಲ್ಲಿ ನನಗೆ ಅನುಮಾನವೇ ಇಲ್ಲ. (ನೆಟ್ಟ ತುಂಡು ಕೆಲವೊಮ್ಮೆ ಹೇಳಿದ ಮಾತು ಕೇಳದೆ ಅತಿಯಾಗಿ ಬೆಳೆದು ಗದ್ದವನ್ನು ಆಚೆಗೆ ತಳ್ಳುವುದೂ ಉಂಟು!)

ಅನುಮಾನ ಶುರುವಾಗುವುದು ಬೇಸ್‌ಬಾಲ್ ಹುಡುಗರಲ್ಲಿ. ಎಸೆದೆಸೆದು ಹನ್ನೆರಡು, ಹದಿಮೂರರಲ್ಲೇ ಮೊಣಕೈಯ ಹೊರಬದಿಯ ಮೂಳೆ ಸತ್ವಗುಂದಿ, ಮೇಲಿನ ಮೃದ್ವಸ್ಥಿ ಸಡಿಲವಾಗುತ್ತದೆ. ಜಪಾನಿನ ಸರ್ಜನ್ನರು ಪಕ್ಕೆಲುಬಿನಿಂದ ಮೂಳೆಸಮೇತ ಒಂದು ಗೂಟ ತೆಗೆದು ಅಲ್ಲಿ ಕೂರಿಸುತ್ತಾರೆ. ಮಂಡಿಯಿಂದ ತೆಗೆಯುವ ಪದ್ಧತಿಯೂ ಇದೆ. ಆದರೆ ಮಂಡಿ ಜೀವಮಾನವಿಡೀ ಮೈಭಾರ ಹೊರಬೇಕು, ಪಕ್ಕೆಲುಬಿಗೆ ಆ ಹೊರೆಯಿಲ್ಲ. ಅಷ್ಟರ ಮಟ್ಟಿಗೆ ಇದು ವಾಸಿ. ಹಾಗೆಂದು ಬಿಟ್ಟಿಯಲ್ಲ. ಎದೆಯ ನೋವಿದೆ, ಕಲೆಯಿದೆ, ಶ್ವಾಸಕೋಶದ ಪೊರೆ ತೂತಾಗುವ ಅಪಾಯವಿದೆ.

ಕೈ ಸಿಕ್ಕಿಕೊಂಡು ಅಂಗಿ ತೊಡಲಾರದ ಹುಡುಗನಿಗೂ, ಬರುವ ಸೀಸನ್ನಿಗೆ ಎಸೆಯಲೇಬೇಕೆನ್ನುವ ಹುಡುಗನಿಗೂ ಎಕ್ಸ್‌ರೇ ಒಂದೇ, ಆಪರೇಷನ್ನೂ ಒಂದೇ. ನನ್ನ ಮಟ್ಟಿಗೆ ನ್ಯಾಯ ಮಾತ್ರ ಬೇರೆ. ಒಪ್ಪಿಗೆಯ ಕಾಗದಕ್ಕೆ ಸಹಿ ಅಪ್ಪ ಅಮ್ಮನದು, ಪಕ್ಕೆಲುಬು ಮಗನದು. ಕಾಲೇಜು ಸ್ಕಾಲರ್‌ಶಿಪ್ಪಿನ ಆಸೆ ಈಗ ನಮ್ಮವರ ಮನೆಗಳಿಗೂ ಬಂದಿದೆ, ಮುಚ್ಚಿಡುವುದೇಕೆ? ಲಿಟ್ಲ್ ಲೀಗ್ 2007ರಲ್ಲಿ ಎಸೆತಗಳಿಗೆ ಮಿತಿ ಹಾಕಿತು: 11-12 ವರ್ಷದವರಿಗೆ ದಿನಕ್ಕೆ 85. ಅದೇ ಹುಡುಗನನ್ನು ಎರಡು ತಂಡಗಳಲ್ಲಿ ಆಡಿಸುವ ಮನೆಯಲ್ಲಿ ಈ ಲೆಕ್ಕ ಇಡುವವರು ಯಾರು?

ಕತ್ತಿ ಎತ್ತುವ ಮೊದಲು ಅಪ್ಪ, ಅಮ್ಮ, ಕೋಚ್ ಮೂವರನ್ನೂ ಹೊರಗೆ ಕಳಿಸಿ ಹುಡುಗನನ್ನೊಬ್ಬನನ್ನೇ ಕೇಳಬೇಕು: "ಇನ್ನು ಮೇಲೆ ಎಸೆಯುವುದೇ ಇಲ್ಲವೆಂದಾದರೆ, ನಿನಗೆ ಈ ಆಪರೇಷನ್ ಬೇಕೇನಪ್ಪ?" ಬೇಡವೆಂದರೆ, ಚೆಂಡು ಬಿಡಿಸಿ ಕೈಗೆ ವಿಶ್ರಾಂತಿ ಕೊಟ್ಟರೆ ಎಷ್ಟು ವಾಸಿಯಾದೀತೆಂದು ಸರ್ಜನ್ ಇನ್ನೊಮ್ಮೆ ಚಿತ್ರಗಳನ್ನು ನೋಡಲಿ. ಬೆಳೆಯುವ ಮೂಳೆಯಲ್ಲಿ ಆರಂಭದ ಹಂತದ ಗಾಯಗಳು ಹಾಗೆಯೇ ಕೂಡಿಕೊಳ್ಳುವುದು ಅಪರೂಪವಲ್ಲ.