ಒಬ್ಬನು ಒಪ್ಪಿಕೊಂಡ ಕೆಲಸವು ಮನೆಯವರೆಲ್ಲರ ಭಾರವೋ?

ಒಬ್ಬ ಮನುಷ್ಯನು ಇಂಥ ಕೆಲಸವನ್ನು ಮಾಡುತ್ತೇನೆಂದು ಮಾತುಕೊಟ್ಟು ಸಂಬಳಕ್ಕೆ ಒಪ್ಪಿಕೊಳ್ಳುತ್ತಾನೆ. ಆ ಒಪ್ಪಂದದಲ್ಲಿ ಅವನ ಹೆಂಡತಿಯ ಹೆಸರಾಗಲಿ ಮಕ್ಕಳ ಹೆಸರಾಗಲಿ ಇರುವದಿಲ್ಲ. ಅವರನ್ನು ಯಾರೂ ಕೇಳಿರುವದೂ ಇಲ್ಲ. ಹೀಗಿರಲಾಗಿ ಅವನು ಮನೆಯಲ್ಲಿ ಇಲ್ಲದ ದಿವಸ ಆ ಕೆಲಸವು ಹೊಸ್ತಿಲ ಬಳಿಗೆ ಬಂದು ನಿಂತರೆ ಅದನ್ನು ಎತ್ತಿಕೊಳ್ಳುವ ಹಂಗು ಅವರಿಗೆ ಉಂಟೋ? ಇದು ಸಣ್ಣ ಪ್ರಶ್ನೆಯಲ್ಲ. ತೋಟ ಕಾಯುವವನ ಮನೆಯಲ್ಲಿಯೂ ಕೆರೆಯ ತೂಬು ಕಾಯುವವನ ಮನೆಯಲ್ಲಿಯೂ ಇದು ದಿನಾಲೂ ಎದ್ದು ಬರುವಂಥದು. ಆದರೆ ದೀಪಸ್ತಂಭದ ಕಾವಲುಗಾರನ ಮನೆಯಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೋ ಅಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವದಿಲ್ಲವೆಂದು ನಮಗೆ ತೋರುತ್ತದೆ.

ದೀಪಸ್ತಂಭವೆಂದರೆ ಏನೆಂಬದನ್ನು ನಮ್ಮ ಕರಾವಳಿಯವರಿಗೆ ಹೇಳಬೇಕಾದದ್ದಿಲ್ಲ. ೧೯೦೧ರಲ್ಲಿ ಕಾಪುವಿನ ಬಂಡೆಯ ಮೇಲೆ ಕಟ್ಟಿದ್ದನ್ನು ಅವರು ಕಂಡಿದ್ದಾರೆ. ಗಟ್ಟದ ಮೇಲಿನವರು ಹೀಗೆ ತಿಳಿಯಲಿ: ಕಡಲಿನಲ್ಲಿ ಅಡಗಿದ ಬಂಡೆಗಳಿಗೆ ತಗಲಿ ಹಡಗುಗಳು ಒಡೆದುಹೋಗದಂತೆ, ಇಲ್ಲಿ ಅಪಾಯವುಂಟೆಂದು ರಾತ್ರಿಯೆಲ್ಲಾ ತೋರಿಸುವ ಎತ್ತರದ ಗೋಪುರವದು. ಈಗ ಬಹಳ ಕಡೆಗಳಲ್ಲಿ ಆ ದೀಪಗಳು ಕಾಯುವವರಿಲ್ಲದೆ ತಾವಾಗಿಯೇ ಉರಿಯುತ್ತವೆ. ಹಿಂದೆ ಹಾಗಿರಲಿಲ್ಲ.

ಅಮೇರಿಕದ ಮೇಯ್ನ್ ಸೀಮೆಯ ಕರೆಯಿಂದ ಸುಮಾರು ೨೦ ಮೈಲು ದೂರ ಕಡಲಿನಲ್ಲಿ ಮಟಿನಿಕಸ್ ಎಂಬ ಬೋಳು ಬಂಡೆಯುಂಟು. ಅಲ್ಲಿಗೆ ೧೮೫೩ರಲ್ಲಿ ಸಾಮುವೇಲ್ ಬರ್ಜೆಸ್ ಎಂಬವನು ಕಾವಲುಗಾರನಾಗಿ ನೇಮಿಸಲ್ಪಟ್ಟು ರೋಗದಿಂದ ಬಲಗುಂದಿದ್ದ ಹೆಂಡತಿಯನ್ನೂ ಮಕ್ಕಳನ್ನೂ ಕರಕೊಂಡು ಹೋದನು. ಆ ಬಂಡೆಯ ಮೇಲೆ ಎರಡು ಗೋಪುರಗಳಿದ್ದವು. ಒಂದೊಂದರಲ್ಲಿ ೧೪ರಂತೆ ಒಟ್ಟು ೨೮ ದೀಪಗಳು. ಅವು ತಿಮಿಂಗಿಲದ ಎಣ್ಣೆಯಿಂದ ಉರಿಯುತ್ತಿದ್ದವು. ಸೂರ್ಯನು ಮುಳುಗುವಾಗ ಹಚ್ಚಬೇಕು, ರಾತ್ರಿಯಲ್ಲಿ ಎದ್ದೆದ್ದು ಬತ್ತಿಯ ಕರುಕನ್ನು ಕತ್ತರಿಸಬೇಕು, ಎಣ್ಣೆ ಹೊಯ್ಯಬೇಕು, ಬೆಳಿಗ್ಗೆ ಮಸಿಹಿಡಿದ ಗಾಜನ್ನೂ ಬೆಳಕನ್ನು ಹೊರಗೆ ಎಸೆಯುವ ಲೋಹದ ತಟ್ಟೆಗಳನ್ನೂ ಉಜ್ಜಿ ಹೊಳೆಯಿಸಬೇಕು. ಚಳಿಗಾಲದಲ್ಲಿ ಎಣ್ಣೆಯು ಹೆಪ್ಪುಗಟ್ಟುವದರಿಂದ ಅದನ್ನು ಕಾಸಿ ಮೇಲಕ್ಕೆ ಹೊರಬೇಕು. ಮನೆಯಲ್ಲಿದ್ದ ಹೆಣ್ಣುಮಕ್ಕಳಲ್ಲಿ ದೊಡ್ಡವಳಾದ ಆಬಿಯು ಈ ಕೆಲಸವನ್ನು ತಂದೆಯ ಹಿಂದೆ ತಿರುಗಾಡುತ್ತಾ ಕಲಿತಳು. ಕಲಿ ಎಂದು ಸರಕಾರವು ಹೇಳಿರಲಿಲ್ಲ. ಕಲಿತದ್ದಕ್ಕೆ ಕಾಸು ಕೊಡಲೂ ಇಲ್ಲ.

೧೮೫೬ನೇ ಜನವರಿಯಲ್ಲಿ ಮನೆಯ ದವಸವು ತೀರುತ್ತಾ ಬಂದದ್ದರಿಂದ ತಂದೆಯು ಹಾಯಿದೋಣಿ ಹತ್ತಿ ರಾಕ್‌ಲ್ಯಾಂಡ್ ಪಟ್ಟಣಕ್ಕೆ ಹೋದನು. ಅವನ ಬೆನ್ನಿಗೇ ಬಿರುಗಾಳಿ ಎದ್ದಿತು. ಆಬಿಗೆ ಆಗ ೧೬ ವರುಷ. ತೆರೆಗಳು ಬಂಡೆಯ ಮೇಲೆಯೇ ಹರಿದಾಡಲು ತೊಡಗಿದಾಗ ಅವಳು ಹಾಸಿಗೆ ಹಿಡಿದ ತಾಯಿಯನ್ನೂ ತಂಗಿಯರನ್ನೂ ಹಳೇ ಮನೆಯಿಂದ ಗೋಪುರಕ್ಕೆ ಸೇರಿಸಿದಳು. ಆಮೇಲೆ ಅವಳಿಗೆ ಕೋಳಿಗಳ ನೆನಪಾಯಿತು. ತಾಯಿಯು ಬೇಡವೆಂದರೂ ಎರಡು ತೆರೆಗಳ ನಡುವೆ ಸಂದು ನೋಡಿ, ಮೊಣಕಾಲುದ್ದದ ನೀರಿನಲ್ಲಿ ಓಡಿ, ಒಂದನ್ನು ಬಿಟ್ಟು ಉಳಿದವೆಲ್ಲವನ್ನೂ ಬುಟ್ಟಿಯಲ್ಲಿ ಹಾಕಿ ತಂದಳು. ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಮಹಾ ತೆರೆಯೊಂದು ಬಂಡೆಯನ್ನೇ ಮುಚ್ಚಿಬಿಟ್ಟಿತು. ಅವರಿದ್ದ ಹಳೇ ಮನೆಯು ಕೊಚ್ಚಿಹೋಯಿತು. ಕೋಳಿಗಳಿಗಾಗಿ ಜೀವವನ್ನು ಪಣಕ್ಕಿಡಬಹುದೋ ಎಂದು ಕೆಲವರು ನಕ್ಕಾರು. ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿ ಮನೆ ನಡಿಸಿದ ನಮ್ಮ ಸಹೋದರಿಯರು ನಗಲಾರರು.

ಸುಮಾರು ನಾಲ್ಕು ವಾರಗಳ ವರೆಗೆ ಯಾವ ದೋಣಿಯೂ ಆ ಬಂಡೆಯ ಹತ್ತಿರ ಬರಲಾರದೆ ಹೋಯಿತು. ತಂದೆಯು ಬದುಕಿದ್ದಾನೋ ಸತ್ತಿದ್ದಾನೋ ಎಂಬದು ಮನೆಯವರಿಗೆ ತಿಳಿಯದು. ಆದರೂ ಒಂದು ರಾತ್ರಿಯಾದರೂ ಆ ದೀಪಗಳು ಆರಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ತಂದೆಯ ಸಾಲಕ್ಕಾಗಿ ಮಗನನ್ನು ಜೀತಕ್ಕೆ ಇಡುವದು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದು ಬಂದ ಅನ್ಯಾಯವು; ೧೯೭೬ರ ಕಾನೂನು ಅದನ್ನು ರದ್ದುಮಾಡಿತು. ಒಬ್ಬನ ಮಾತಿನಿಂದ ಮತ್ತೊಬ್ಬನ ಕೈಕಾಲುಗಳನ್ನು ಕಟ್ಟಕೂಡದೆಂಬದೇ ಆ ಕಾನೂನಿನ ತಿರುಳು. ಹಾಗಾದರೆ ಆಬಿಯನ್ನು ಕಟ್ಟಿದ್ದು ಯಾವದು? ತಂದೆಯ ಒಪ್ಪಂದವೇ ಆಗಿದ್ದರೆ ಅವಳೂ ಒಂದು ವಿಧದ ಜೀತದವಳೇ ಸರಿ, ಮತ್ತು ಅವಳು ದೀಪ ಹಚ್ಚದೆ ತಾಯಿಯ ಪಕ್ಕದಲ್ಲಿ ಕೂತಿದ್ದರೂ ಅವಳನ್ನು ದೂರುವ ಹಕ್ಕು ಯಾರಿಗೂ ಇರುತ್ತಿರಲಿಲ್ಲ.

ಆದರೆ ಅವಳನ್ನು ಕಟ್ಟಿದ್ದು ಆ ಒಪ್ಪಂದವಲ್ಲವೆಂದು ನಾವು ಎಣಿಸುತ್ತೇವೆ. ಆ ಬಂಡೆಯ ಮೇಲೆ ಎರಡು ಗೋಪುರಗಳು ಯಾಕಿದ್ದವೆಂದು ವಿಚಾರಿಸಿರಿ. ಹತ್ತಿರದ ಬೇರೆ ದೀಪಗಳಿಂದ ಇದನ್ನು ಗುರುತಿಸುವದಕ್ಕಾಗಿಯೇ. ಎರಡು ಬೆಳಕು ಕಂಡರೆ ಇದು ಮಟಿನಿಕಸ್ ಎಂದು ನಾವಿಕನು ತಿಳಿದು ಹಡಗನ್ನು ತಿರುಗಿಸುವನು. ಒಂದು ಗೋಪುರದ ದೀಪ ಆರಿಹೋದರೋ, ಉಳಿದ ಒಂದನ್ನು ಕಂಡು ತಾನು ಬೇರೆ ಕಡೆಯಲ್ಲಿದ್ದೇನೆಂದು ಭ್ರಮಿಸಬಹುದು. ಅರ್ಧ ಮಾಡಿದ ಕೆಲಸವು ಅಲ್ಲಿ ಸುಳ್ಳುಸಾಕ್ಷಿಗೆ ಸಮ. ತನ್ನ ಮುಖವನ್ನೇ ನೋಡದ, ತನ್ನ ಹೆಸರನ್ನೇ ಕೇಳದ ಪರದೇಶಸ್ಥರು ಆ ಹೊತ್ತಿಗಾಗಲೇ ಆ ಬೆಳಕನ್ನು ನಂಬಿ ಹಡಗು ನಡಿಸುತ್ತಿದ್ದಾರೆಂಬದು ಆಬಿಗೆ ಗೊತ್ತಿತ್ತು. ಬತ್ತಿ ಕತ್ತರಿಸುವದೂ ಗೊತ್ತಿತ್ತು. ಬೇರೊಬ್ಬರು ಅಲ್ಲಿ ಇರಲಿಲ್ಲ. ತಿಳುವಳಿಕೆಯೂ ಶಕ್ತಿಯೂ ಒಬ್ಬರಲ್ಲಿ ಕೂಡಿರುವಾಗ, ನಂಬಿದವರು ಕತ್ತಲೆಯಲ್ಲಿರುವಾಗ, ಒಪ್ಪಂದವಿಲ್ಲದಿದ್ದರೂ ಹಂಗು ಉಂಟಾಗುತ್ತದೆ. ತಾಯಿಯನ್ನು ಮೊದಲು ಗೋಪುರಕ್ಕೆ ಸೇರಿಸಿ ಆಮೇಲೆ ದೀಪಗಳನ್ನು ನೋಡಿಕೊಂಡಳೆಂಬದನ್ನೂ ಮರೆಯಬಾರದು. ದೀಪಕ್ಕಾಗಿ ತಾಯಿಯನ್ನು ತೆರೆಗಳಿಗೆ ಬಿಟ್ಟಿದ್ದರೆ ನಾವು ಈ ಲೇಖವನ್ನು ಬರೆಯುತ್ತಿರಲಿಲ್ಲ.

ಇಷ್ಟು ಹೇಳಿ ಸುಮ್ಮನಾಗುವವರು ಬಹಳ. ನಾವು ಸುಮ್ಮನಾಗಲಾರೆವು. ಮರುವರುಷವೂ ಇದೇ ಸಂಗತಿಯು ನಡೆಯಿತು: ತಂದೆಯು ದವಸಕ್ಕಾಗಿ ಹೋಗಿ ಮೂರು ವಾರ ಬರಲಾರದೆ ಹೋದನು, ದಿನಕ್ಕೆ ತಲೆಗೊಂದು ಮೊಟ್ಟೆ, ಒಂದು ಬಟ್ಟಲು ಜೋಳದ ಹಿಟ್ಟು, ಇಷ್ಟರಲ್ಲಿಯೇ ಮನೆಯವರು ಜೀವ ಹಿಡಿದರು. ಮೊದಲನೆಯದನ್ನು ಆಪತ್ತು ಎನ್ನಬಹುದು. ಎರಡನೆಯದನ್ನು ಹಾಗೆನ್ನುವದು ನಮ್ಮಿಂದಾಗದು. ಮಗಳು ನಾವಿಕರಿಗೆ ಸಲ್ಲಿಸಬೇಕಾದದ್ದನ್ನು ಸಲ್ಲಿಸಿದಳೆಂಬದರಿಂದ, ಒಬ್ಬನಿಗೆ ಸಂಬಳ ಕೊಟ್ಟು ಒಂದು ಮನೆಯ ದುಡಿತವನ್ನು ತಕ್ಕೊಂಡವರ ಲೆಕ್ಕವು ತೀರಿಹೋಗುವದಿಲ್ಲ. ಅವೆರಡೂ ಬೇರೆ ಬೇರೆ ಸಾಲಗಳು. ಹೊಗಳಿಕೆಯು ಎರಡನೆಯದನ್ನು ಮುಚ್ಚಿಬಿಡುವ ಬಟ್ಟೆಯಾಗಬಾರದು.

ಹೊಗಳಿಕೆ ಎಂಥದೆಂಬದಕ್ಕೆ ಇಂಗ್ಲೆಂಡಿನ ಒಂದು ಸಂಗತಿಯನ್ನು ನೋಡಿರಿ. ೧೮೩೮ನೇ ಸೆಪ್ಟೆಂಬರ್ ೭ರಂದು ಲಾಂಗ್‌ಸ್ಟೋನ್ ಎಂಬ ದೀಪಸ್ತಂಭದ ಹತ್ತಿರ ಹಡಗೊಂದು ಒಡೆದಾಗ, ದೋಣಿ ನಡಿಸಲು ತಂದೆಗೆ ಬೇರೆ ಜೊತೆಯಿಲ್ಲದ್ದರಿಂದ ೨೨ ವರುಷದ ಮಗಳಾದ ಗ್ರೇಸ್ ಡಾರ್ಲಿಂಗಳು ಹುಟ್ಟು ಹಿಡಿದಳು. ಬಂಡೆಗೆ ಅಂಟಿಕೊಂಡಿದ್ದ ಒಂಬತ್ತು ಮಂದಿ ಎರಡು ಸಾರಿಯ ಯಾತ್ರೆಯಲ್ಲಿ ಉಳಿದರು. ದೇಶವೆಲ್ಲಾ ಅವಳ ಹೆಸರನ್ನು ಕೊಂಡಾಡಿತು. ಅವಳ ಚಿತ್ರ ಬರೆಯಲು ಚಿತ್ರಗಾರರು ಒಬ್ಬರ ಹಿಂದೊಬ್ಬರು ಬಂದರು. ನಾಲ್ಕು ವರುಷಗಳಲ್ಲಿ ಅವಳು ಕ್ಷಯರೋಗದಿಂದ ತೀರಿಹೋದಳು.

ಆಬಿಗೆ ಅಷ್ಟು ಕೀರ್ತಿ ಬರಲಿಲ್ಲ. ೧೮೬೧ರಲ್ಲಿ ಅಧಿಕಾರವು ಬೇರೆ ಪಕ್ಷಕ್ಕೆ ಹೋದಾಗ ಅವಳ ತಂದೆಯು ಕೆಲಸವನ್ನು ಕಳಕೊಂಡನು. ತಂದೆಯನ್ನು ತೆಗೆದುಹಾಕಿದವರ ದೀಪ ಏನಾದರೆ ನನಗೇನೆಂದು ಅವಳು ಹೋಗಿಬಿಡಬಹುದಾಗಿತ್ತು, ಹೋಗಲಿಲ್ಲ. ಹೊಸ ಕಾವಲುಗಾರನಾದ ಗ್ರಾಂಟನಿಗೆ ದೀಪಗಳ ಮರ್ಮವನ್ನು ಕಲಿಸಲು ಅಲ್ಲಿಯೇ ನಿಂತಳು, ಅವನ ಮಗನನ್ನು ಮದುವೆಯಾದಳು, ಮತ್ತು ತರುವಾಯ ಸ್ವಂತ ಹೆಸರಿನಲ್ಲಿ ಸಹಾಯಕಿಯಾಗಿ ನೇಮಿಸಲ್ಪಟ್ಟು ಸಂಬಳವನ್ನು ಪಡೆದಳು. ೧೮೭೫ರಲ್ಲಿ ದಂಪತಿಗಳು ವೈಟ್‌ಹೆಡ್ ಎಂಬ ಬೇರೆ ದೀಪಸ್ತಂಭಕ್ಕೆ ಹೋದರು. ೧೮೯೨ರಲ್ಲಿ ಅವಳು ತೀರಿಕೊಂಡಳು. ಕಡೇ ವರುಷಗಳಲ್ಲಿ ಅವಳು ಬರೆದ ಪತ್ರವೊಂದು ಉಳಿದದೆ. ಮಟಿನಿಕಸಿನ ಹಳೇ ದೀಪಗಳು ತನಗೆ ಪದೇ ಪದೇ ಕನಸಿನಲ್ಲಿ ಬರುತ್ತವೆಂದೂ, ತಾನು ಬಹುದಿನ ಎಲ್ಲಿಗೋ ಹೋಗಿದ್ದವಳು ಹೊತ್ತು ಮುಳುಗುವ ಮುಂಚೆ ಅವುಗಳನ್ನು ಹಚ್ಚಬೇಕೆಂದು ಬಂಡೆಯ ಕಡೆಗೆ ಅವಸರದಿಂದ ಬರುತ್ತಿರುವಂತೆ ಕಾಣುತ್ತದೆಂದೂ ಅದರಲ್ಲಿ ಬರೆದಿದ್ದಾಳೆ.