ಹಸಿದ ಬೇರು

ಪಾಷಾಣವೆಂದರೆ ಕಲ್ಲು, ಪಾಷಾಣವೆಂದರೆ ವಿಷ. ನೆಲದಡಿ ಇದ್ದಾಗ ಮೊದಲ ಅರ್ಥ, ಅಗೆದು ಅರೆದ ಮೇಲೆ ಎರಡನೆಯದು.

ಹಿಂದೂಪುರಕ್ಕೆ ಬಡಗಲು, ಕಲ್ಯಾಣದುರ್ಗಕ್ಕೆ ಮೂಡಲು ರಾಮಗಿರಿ. ಅಲ್ಲಿಯ ಕಲ್ಲಿನಲ್ಲಿ ಚಿನ್ನವಿತ್ತು. ಚಿನ್ನ ಊರು ಬಿಟ್ಟಿತು, ಗಣಿ ಮುಚ್ಚಿತು, ಅರೆದ ಕಲ್ಲಿನ ಪುಡಿ ಊರಿನ ಪಾಲಾಯಿತು.

ಚಿನ್ನಕ್ಕೆ ಪಾಷಾಣ, ಅಂದರೆ ಆರ್ಸೆನಿಕ್, ಬಹಳ ಕಡೆ ಒಡಹುಟ್ಟು. ಅಕ್ಕನನ್ನು ಕರೆದೊಯ್ದವರು ತಂಗಿಯ ಮಾತೆತ್ತಲಿಲ್ಲ.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದವರು ಚಿನ್ನ ತೊಡಲಿಲ್ಲ, ಅದರ ನೆರೆಯ ನೀರು ಕುಡಿದರು. ಲೀಟರಿಗೆ 10 ಮೈಕ್ರೊಗ್ರಾಂ ಆರ್ಸೆನಿಕ್, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಬಣ್ಣವಿಲ್ಲದ, ರುಚಿಯಿಲ್ಲದ ವಿಷ ಗೆರೆ ದಾಟಿದ್ದನ್ನು ಜನರ ಚರ್ಮ ಹೇಳಿತು.

ಮಣ್ಣಿನ ಆರ್ಸೆನಿಕ್ ಆರ್ಸೆನೇಟ್ ಆಗಿ, ರಂಜಕದ ವೇಷದಲ್ಲಿ ಬೇರಿಗೆ ಬರುತ್ತದೆ. ಫಾಸ್ಫೇಟ್ ರೂಪದ ರಂಜಕಕ್ಕೆಂದು ತೆರೆದ ಬಾಗಿಲಲ್ಲೇ ಒಳಗೆ ಬರುತ್ತದೆ. ಹಸಿದ ಬೇರು ವಿಷ ಉಣ್ಣುವುದು ಅನ್ನವೆಂದೇ.

ಬಡ ಮಣ್ಣಿನಲ್ಲಿ ಬೇರು ಬಾಗಿಲುಗಳನ್ನು ಹೆಚ್ಚಿಸುತ್ತದೆ. ಕಳ್ಳ ಕಾದದ್ದೂ ಅದಕ್ಕೇ.

ಭತ್ತಕ್ಕೆ ಬೇರೆಯದೇ ಮೋಸ. ನಿಂತ ನೀರಿನಲ್ಲಿ ಪಾಷಾಣ ವೇಷ ಬದಲಿಸಿ ಸಿಲಿಕಾನಿನ ದಾರಿ ಹಿಡಿಯುತ್ತದೆ. ಒಣ ಹೊಲದ ರಾಗಿಗೆ ಆ ಭಯ ಕಡಿಮೆ.

ಬೇರು ಮುಟ್ಟದಲ್ಲಿಗೆ ಶಿಲೀಂಧ್ರದ ಎಳೆ ಮುಟ್ಟುತ್ತದೆ. ರಂಜಕ ತರುತ್ತದೆ, ಸಕ್ಕರೆ ಒಯ್ಯುತ್ತದೆ. ಹೊಟ್ಟೆ ತುಂಬಿದ ಬೇರು ತನ್ನ ಬಾಗಿಲುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ವಿಷವನ್ನು ತಡೆದದ್ದು ಊಟ.

ಕಲ್ಯಾಣದುರ್ಗದ ಕೆಂಪು ಹೊಲದಲ್ಲಿ ಒಂದು ಕಡಲೆಕಾಯಿ ಗಿಡ ಕೀಳಿ. ಕಾಯಿ ಕಾಣುತ್ತದೆ, ಬೇರಿನ ಗಂಟೂ ಕಾಣುತ್ತದೆ, ಶಿಲೀಂಧ್ರ ಕಾಣದು. ಬೇರನ್ನು ಬೇಯಿಸಿ, ನೀಲಿ ಬಣ್ಣ ಹತ್ತಿಸಿ, ಸೂಕ್ಷ್ಮದರ್ಶಕದಡಿ ಇಡಿ. ಜೀವಕೋಶದೊಳಗೆ ಒಂದು ಪುಟ್ಟ ಮರ: ಕಾಂಡ, ಕವಲು, ಕವಲಿನ ಕವಲು. ಅದರ ಆಯುಸ್ಸು ಕೆಲವೇ ದಿನ. ಕೊಡುವುದನ್ನು ಕೊಟ್ಟು ಕರಗುತ್ತದೆ. ಪಕ್ಕದ ಕೋಶದಲ್ಲಿ ಇನ್ನೊಂದು ಚಿಗುರುತ್ತದೆ.

ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಈ ಮರದ ಅಚ್ಚು ಕಲ್ಲಾದ ಗಿಡವೊಂದರಲ್ಲಿ ಸಿಕ್ಕಿತು. ವಯಸ್ಸು ಸುಮಾರು 40 ಕೋಟಿ ವರ್ಷ. ಆ ಗಿಡಕ್ಕೆ ಬೇರೇ ಇರಲಿಲ್ಲ. ಗೆಳೆತನ ಬೇರಿಗಿಂತ ಹಿರಿಯದು.

ಸಾಸಿವೆ, ಕೋಸು ಆ ಗೆಳೆತನ ಬಿಟ್ಟವು, ಬಿಟ್ಟೂ ಬದುಕಿದವು.

ರಂಜಕದ ಗೊಬ್ಬರ ಡಿಎಪಿಯನ್ನು ಮೂಟೆಗಟ್ಟಲೆ ಸುರಿದ ಹೊಲದಲ್ಲಿ ಗಿಡ ಶಿಲೀಂಧ್ರವನ್ನು ಮರೆಯುತ್ತದೆ. ಉಂಡವನಿಗೆ ಅಡುಗೆಯವರ ನೆನಪಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಈ ಶಿಲೀಂಧ್ರಗಳಿಗೆ ದಶಕಗಳನ್ನೇ ಕೊಟ್ಟರು. ಇವು ಗಾಜಿನ ತಟ್ಟೆಯಲ್ಲಿ ಒಂಟಿಯಾಗಿ ಬೆಳೆಯವು, ಜೀವಂತ ಬೇರು ಬೇಕು. ಕುಂಡದಿಂದ ಕುಂಡಕ್ಕೆ, ಹೆಪ್ಪಿನ ಹಾಗೆ ಉಳಿಸಿಕೊಂಡು ಬರಬೇಕು.

ನೈಋತ್ಯ ಇಂಗ್ಲೆಂಡಿನ ಗಣಿಮಣ್ಣಿನಲ್ಲಿ ಬೆಳೆವ ಹೀದರ್ ಪೊದೆಯ ಶಿಲೀಂಧ್ರ ಇಬ್ಬರನ್ನೂ ಒಳಗೆ ಬಿಡುತ್ತದೆ. ರಂಜಕಕ್ಕೆ ಮಣೆ ಹಾಕಿ, ಪಾಷಾಣವನ್ನು ಹಿತ್ತಿಲ ಬಾಗಿಲಿಂದ ಹೊರಗಟ್ಟುತ್ತದೆ. ಹೊಸ್ತಿಲಲ್ಲಿ ಗುರುತು ಸಿಗದವರನ್ನು ಪಡಸಾಲೆಯಲ್ಲಿ ಗುರುತಿಸಿದರೂ ತಡವಲ್ಲ.

ಬಹುತೇಕ ಗಿಡಗಳು ವಿಷವನ್ನು ದೂರವಿಡುವಾಗ ಒಂದು ಜರೀಗಿಡ ಅದನ್ನು ಕರೆದುಕೊಂಡಿತು. ಟೆರಿಸ್ ವಿಟ್ಟಾಟ, ಅದರ ಈ ಗುಣ ಲೋಕಕ್ಕೆ ತಿಳಿದದ್ದು 2001ರಲ್ಲಿ, ಫ್ಲೋರಿಡಾದಿಂದ. ಒಣಗಿದ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲಿನವರೆಗೂ ಆರ್ಸೆನಿಕ್, ಆದರೂ ಎಲೆ ಹಸಿರು. ನಮ್ಮ ಹಳೆಯ ಗಾರೆಗೋಡೆಯ ಬಿರುಕಿನಲ್ಲಿ ಬೆಳೆಯುವುದೂ ಅದೇ ಜರಿ.

ಜರಿ ವಿಷವನ್ನು ಕೊಲ್ಲಲಿಲ್ಲ. ಕೋಶದ ಕಣಜದಲ್ಲಿಟ್ಟು ಬಾಯಿ ಮುಚ್ಚಿತು. ಧಾತುವಿಗೆ ಸಾವಿಲ್ಲ, ವಲಸೆ ಮಾತ್ರ.

ನೆಲ ತೊಳೆದ ಜರಿಯನ್ನು ಆಡು ಮೇಯಬಾರದು, ಒಲೆ ಉರಿಸಬಾರದು. ನಮ್ಮ ಕೆಲಸ ಶುರುವಾಗುವುದು ಗಿಡದ ಕೆಲಸ ಮುಗಿದಲ್ಲಿ.

ಗಣಿಪುಡಿಯ ದಿಬ್ಬದ ಮೇಲೆ ಮೊದಲು ಬರುವುದು ಹುಲ್ಲು, ಯಾರೂ ಬಿತ್ತಿದ್ದಲ್ಲ. ಒಂದು ಬುಡ ಕಿತ್ತರೆ ಕಣ್ಣಿಗೆ ಕಾಣದ ಎಳೆಗಳು ಹಿಡಿದಿಟ್ಟ ಮಣ್ಣು ಬೇರಿನೊಂದಿಗೇ ಬರುತ್ತದೆ, ಕೊಡವಿದರೂ ಬಿಡದು.