ಕಾಲಿಗೆ ಮೆಟ್ಟೋ, ಮೆಟ್ಟಿಗೆ ಕಾಲೋ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಕನ್ನಡನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿರುವದು. ವೆಚ್ಚದ ವಿಷಯದಲ್ಲಿ ಇದು ಹಿತವಾದ ಮಾತೇ ಸರಿ. ಏಕೆಂದರೆ ಅಲ್ಲಿ ಹಾಸಿಗೆಯೆಂದರೆ ಆದಾಯ, ಕಾಲೆಂದರೆ ಆಸೆ. ಆಸೆಯನ್ನು ಮಡಿಸಿಕೊಂಡವನಿಗೆ ಬೇಸರವಾದೀತೇ ಹೊರತು ಊನವಾಗಲಾರದು. ಆದರೆ ಇದೇ ಗಾದೆಯನ್ನು ನಿಜವಾದ ಕಾಲಿಗೆ ಅನ್ವಯಿಸಿದರೆ ಏನಾಗುವದು? ಕಾಲನ್ನು ಮಡಿಸಬಹುದು, ಪಾದದ ಅಗಲವನ್ನು ಮಡಿಸಲು ಬಾರದು. ಮನುಷ್ಯನು ತನ್ನ ಸುಖಕ್ಕಾಗಿ ಮಾಡಿಕೊಂಡ ವಸ್ತುವು ಮನುಷ್ಯನಿಗೆ ಹೊಂದದಿದ್ದಾಗ ತಿದ್ದಿಕೊಳ್ಳತಕ್ಕದ್ದು ವಸ್ತುವೋ, ಮನುಷ್ಯನೋ? ಅಗಲವಾದ ಪಾದವುಳ್ಳ ಹೆಣ್ಣುಮಗಳು ಚೆಲುವೂ ಸುಖಕರವೂ ಆದ ಚಪ್ಪಲಿಯನ್ನು ಅರಸುತ್ತ ಪೇಟೆಗೆ ಹೋದಾಗ ಆಕೆಯ ಮುಂದೆ ನಿಲ್ಲುವದು ಈ ಪ್ರಶ್ನೆಯೇ. ಚಪ್ಪಲಿಯ ಮಾತು ವಿಚಾರಕ್ಕೆ ತಕ್ಕುದಲ್ಲವೆಂದು ಯಾರಾದರೂ ಹುಬ್ಬು ಗಂಟಿಕ್ಕಿದರೆ, ಭರತನು ಅಯೋಧ್ಯೆಯ ರಾಜ್ಯವನ್ನು ಯಾವದಕ್ಕೆ ಒಪ್ಪಿಸಿದನೆಂಬದನ್ನು ಅವರು ನೆನೆಯಬೇಕು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಕುಷ್ಟಗಿಯ ಕಡೆಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಓದು ಮುಗಿಸಿ, ಕೊಪ್ಪಳದಲ್ಲಿ ಉಪಾಧ್ಯಾಯಿನಿಯಾಗಿರುವ ಗೃಹಿಣಿಯೊಬ್ಬಳು ತಮ್ಮನ ಲಗ್ನದ ಸಲುವಾಗಿ ಚಪ್ಪಲಿ ಕೊಳ್ಳಲು ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗುವಳು. ಇಳಕಲ್ಲ ಸೀರೆಯು ಮನೆಯಲ್ಲಿ ಆಗಲೇ ಸಿದ್ಧವಾಗಿದೆ. ಅದಕ್ಕೆ ಒಪ್ಪುವ ಜೋಡು ಬೇಕು. ಅಂಗಡಿಯವನು ಹತ್ತು ಜೋಡು ತೆಗೆದು ಇಡುವನು. ಒಂದರಲ್ಲಿ ಕಿರುಬೆರಳು ಹೊರಗುಳಿಯುವದು. ಮತ್ತೊಂದರಲ್ಲಿ ಬೆರಳುಗಳು ಒಂದರ ಮೇಲೊಂದು ಏರುವವು. "ಅಕ್ಕಾರ, ಇದಕ್ಕಿಂತ ಅಗಲ ಬರಂಗಿಲ್ರಿ, ಒಂದು ನಂಬರ ದೊಡ್ಡದು ತಗೊಂಡುಬಿಡ್ರಿ" ಎಂದು ಅವನು ಹೇಳುವನು. "ನಿಮ್ಮದೇನ್ ತಪ್ಪಿಲ್ಲ ಬಿಡಪ್ಪಾ, ನನ್ನ ಕಾಲ ಹಂಗ ಅದಾವು" ಎಂದು ಆಕೆ ಪಾದಗಳನ್ನು ಸೀರೆಯಂಚಿನೊಳಗೆ ಎಳೆದುಕೊಳ್ಳುವಳು. ಪಕ್ಕದಲ್ಲಿ ನಿಂತ ಹತ್ತು ವರುಷದ ಮಗಳು ಬಗ್ಗಿ ತನ್ನ ಕಾಲುಗಳನ್ನೊಮ್ಮೆ ನೋಡಿಕೊಳ್ಳುವಳು.

ಅಂಗಡಿಯವನಲ್ಲಿ ದುರುದ್ದೇಶವಿಲ್ಲ, ತನ್ನಲ್ಲಿದ್ದುದನ್ನೇ ಅವನು ತೋರಿಸಿದನು. ಆದರೂ ಅಲ್ಲೊಂದು ಅನ್ಯಾಯವು ನಡೆದುಹೋಯಿತು. ವಸ್ತುವಿನ ಕೊರತೆಯನ್ನು ದೇಹದ ಕೊರತೆಯೆಂದು ಒಬ್ಬ ತಿಳಿವಳಿಕೆಯುಳ್ಳ ಸ್ತ್ರೀಯು ತಾನಾಗಿಯೇ ಒಪ್ಪಿಕೊಂಡಳು. ಆ ಒಪ್ಪಿಗೆಯು ಮಾತಿಲ್ಲದೆ ತಾಯಿಯಿಂದ ಮಗಳಿಗೆ ಬಳುವಳಿಯಾಗಿ ಸಂದಿತು. ಆದುದರಿಂದ ತಪ್ಪು ಯಾರದೆಂಬದನ್ನು ಮೊದಲು ವಿಚಾರಿಸತಕ್ಕದ್ದು.

ಪಾದವು ಅಗಲವಾಗುವದೇಕೆ? ಬಸಿರಿನ ಕಾಲದಲ್ಲಿ ದೇಹದ ಭಾರವು ಹೆಚ್ಚಿ, ಕಟ್ಟುಗಳು ಸಡಿಲಾಗಿ, ಅಂಗಾಲಿನ ಕಮಾನು ತುಸು ತಗ್ಗುವದು. ಹಲವರಲ್ಲಿ ಆ ಹಿಗ್ಗು ಹೆರಿಗೆಯ ತರುವಾಯವೂ ಉಳಿಯುವದು. ಹುಟ್ಟಿನಿಂದಲೇ ಅಗಲ ಪಾದದವರುಂಟು. ಇನ್ನು ಬರಿಗಾಲಿನ ನಡೆಯು ಮತ್ತೊಂದು ಕಾರಣ. ಯಲಬುರ್ಗಾ ಕುಷ್ಟಗಿಗಳ ಹೊಲಗಳಲ್ಲಿ ಕಳೆ ತೆಗೆಯುವ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿಯ ಗದ್ದೆಗಳಲ್ಲಿ ಮೊಳಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡುವ ಹೆಂಗಸರ ಬೆರಳುಗಳು ಬೀಸಣಿಗೆಯ ಗರಿಗಳಂತೆ ಬಿಚ್ಚಿಕೊಂಡು ನೆಲವನ್ನು ಹಿಡಿಯುತ್ತವೆ. ಬೆಲ್ಜಿಯಂ ದೇಶದ ವಿದ್ವಾಂಸರು ದಕ್ಷಿಣ ಭಾರತದ ಬರಿಗಾಲಿನವರ ಪಾದಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಂತಹ ಪಾದಗಳ ಮುಂಭಾಗವು ಹೆಚ್ಚು ಅಗಲವೆಂದೂ, ದೇಹಭಾರವು ಅವುಗಳ ಮೇಲೆ ಹೆಚ್ಚು ಸಮನಾಗಿ ಹರಡುವದೆಂದೂ ತೋರಿಸಿರುವರು. ಅದಕ್ಕೂ ಮೊದಲು 1992ರಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು 2300 ಮಕ್ಕಳ ಪಾದದ ಗುರುತುಗಳನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತವೂ ಗಮನಾರ್ಹವಾಗಿರುವದು: ಬೂಟು ಚಪ್ಪಲಿ ತೊಡುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ 2.8 ಮಂದಿಗೆ ಮಾತ್ರ ಇದ್ದಿತು. ಇದರಿಂದ ಎಲ್ಲರೂ ಬರಿಗಾಲಿನಲ್ಲಿಯೇ ನಡೆಯತಕ್ಕದ್ದೆಂದು ಸಿದ್ಧವಾಗುವದಿಲ್ಲ. ಮುಳ್ಳು, ಗಾಜು, ಬೇಸಿಗೆಯ ಕಾದ ನೆಲಗಳಿಗೆ ರಕ್ಷೆ ಬೇಕೇ ಬೇಕು. ಸಿದ್ಧವಾಗುವದಿಷ್ಟೆ: ಅಗಲವಾದ ಪಾದವು ವಿಕಾರವಲ್ಲ, ಇಕ್ಕಟ್ಟಿಗೆ ಸಿಕ್ಕದೆ ಬೆಳೆದ ಪಾದವೆಂದರೆ ಬಹುಮಟ್ಟಿಗೆ ಅದೇ.

ಹಾಗಾದರೆ ಅಳತೆಯ ವಿಚಾರವೇನು? ಈ ದೇಶದ ಅಂಗಡಿಗಳಲ್ಲಿ ರೂಢವಾಗಿರುವ ನಂಬರು ಇಂಗ್ಲಿಷರ ಕಾಲದಲ್ಲಿ ಬಂದದ್ದು. ಜವೆಗೋಧಿಯ ಒಂದು ಕಾಳಿನ ಉದ್ದ, ಎಂದರೆ ಇಂಚಿನ ಮೂರನೆಯ ಒಂದು ಪಾಲು, ಅದರ ಒಂದೊಂದು ಮೆಟ್ಟಿಲು. ಅದು ಉದ್ದವನ್ನು ಹೇಳುವದು. ಅಗಲವನ್ನು ಸೂಚಿಸುವ ಬೇರೆ ಗುರುತುಗಳು ಆ ದೇಶದಲ್ಲಿ ಇದ್ದರೂ ಇಲ್ಲಿಯ ಸಾಮಾನ್ಯ ಅಂಗಡಿಗಳಿಗೆ ಅವು ಬರಲಿಲ್ಲ. ಆದುದರಿಂದಲೇ ಅಗಲವು ಸಾಲದವರಿಗೆ ಉದ್ದವನ್ನು ಮಾರುವದು ವಾಡಿಕೆಯಾಯಿತು. ಒಂದು ನಂಬರು ದೊಡ್ಡದನ್ನು ಕೊಂಡವಳಿಗೆ ಮುಂದೆ ಇಕ್ಕಟ್ಟು ತಪ್ಪುವದಿಲ್ಲ, ಹಿಂದೆ ಹಿಮ್ಮಡಿಯು ನಿಲ್ಲುವದಿಲ್ಲ. ಮೆಟ್ಟಿಲಿಳಿಯುವಾಗ ಎಡವುವದೊಂದು ಹೆಚ್ಚಿನ ಲಾಭ.

ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನ ಸಂಸ್ಥೆಯು 2021ರ ಡಿಸೆಂಬರದಿಂದ 2022ರ ಮಾರ್ಚದವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಯಂತ್ರದಿಂದ ಅಳೆಯಿತು. ಭಾರತೀಯರ ಪಾದವು ಸಾಮಾನ್ಯವಾಗಿ ಐರೋಪ್ಯರ ಪಾದಕ್ಕಿಂತ ಅಗಲವೆಂದು ಅದರಿಂದ ಗೊತ್ತಾಯಿತು. ಭಾರತಕ್ಕೆಂದೇ 'ಭ' ಎಂಬ ಹೆಸರಿನ ಹೊಸ ಅಳತೆಯ ಪದ್ಧತಿಯು ಸೂಚಿತವಾಯಿತು. ಹೆಣ್ಣುಮಕ್ಕಳ ಪಾದದ ಬೆಳವಣಿಗೆಯು ಸುಮಾರು 11ನೆಯ ವಯಸ್ಸಿಗೆ ತುದಿ ಮುಟ್ಟುವದೆಂಬದೂ ಆ ಅಳತೆಯಿಂದ ತಿಳಿದ ಸಂಗತಿ. ಅಂಗಡಿಯಲ್ಲಿ ತನ್ನ ಕಾಲನ್ನು ನೋಡಿಕೊಂಡ ಆ ಹುಡುಗಿಯ ವಯಸ್ಸನ್ನು ವಾಚಕರು ಇಲ್ಲಿ ನೆನೆಯಬೇಕು.

ಪ್ರಾಚೀನರಿಗೂ ಜವೆಯ ಅಳತೆಯು ತಿಳಿದಿದ್ದಿತು. ಎಂಟು ಜವೆಗಳನ್ನು ಅಡ್ಡಲಾಗಿ ಜೋಡಿಸಿದರೆ ಒಂದು ಅಂಗುಲವೆಂದು ಅರ್ಥಶಾಸ್ತ್ರವು ಹೇಳುವದು. ಆದರೆ ದೇಹದ ಮಾತು ಬಂದಾಗ ಆಯುರ್ವೇದವು ಈ ಹೊರಗಿನ ಅಂಗುಲವನ್ನು ಬಿಟ್ಟುಕೊಟ್ಟಿತು. ಪ್ರತಿಯೊಬ್ಬನ ಅವಯವಗಳನ್ನು ಅವನವನ ಬೆರಳಿನ ಅಂಗುಲದಿಂದಲೇ ಅಳೆಯತಕ್ಕದ್ದೆಂಬದು ಚರಕಸಂಹಿತೆಯ ಕ್ರಮ. ಇದರಲ್ಲಿ ದೊಡ್ಡದೊಂದು ನೀತಿಯು ಅಡಗಿರುವದು: ಬಟ್ಟೆಗೆ, ಭೂಮಿಗೆ, ಧಾನ್ಯಕ್ಕೆ ಊರಿಗೆಲ್ಲ ಒಂದೇ ಅಳತೆಯಿರುವದು ನ್ಯಾಯ, ದೇಹಕ್ಕೆ ಅದರದೇ ಅಳತೆಯಿರುವದು ನ್ಯಾಯ.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವವು. ಮೊದಲನೆಯದು: "ಚೆಲುವು ಬೇಕೆಂದರೆ ತುಸು ನೋವನ್ನು ತಾಳಬೇಕು, ಮೂಗು ಚುಚ್ಚಿಸಿಕೊಳ್ಳುವಾಗ ನೋಯಲಿಲ್ಲವೆ?" ಎಂಬದು. ಮೂಗು ಚುಚ್ಚಿದ ನೋವು ಕೆಲವು ದಿನಗಳದು. ಅದರಿಂದ ಉಸಿರಾಟವು ಕೆಡಲಿಲ್ಲ. ಇಕ್ಕಟ್ಟಾದ ಚಪ್ಪಲಿಯ ನೋವು ದಿನದಿನದ್ದು. ಅದರಿಂದ ನಡೆಯೇ ಕೆಡುವದು. ಆಣಿಗಳು ಏಳುವವು, ಹೆಬ್ಬೆರಳು ಒಳಕ್ಕೆ ಬಾಗಿ ಅದರ ಬುಡದಲ್ಲಿ ಗಂಟು ಮೂಡುವದು. ಸಕ್ಕರೆ ರೋಗದಿಂದ ಪಾದದ ಸ್ಪರ್ಶಜ್ಞಾನವು ಕುಂದಿದವರಿಗಂತೂ ಚಪ್ಪಲಿ ಕಚ್ಚಿದುದೇ ತಿಳಿಯದೆ, ಸಣ್ಣ ಗಾಯವು ವ್ರಣವಾಗಿ, ಕೊನೆಗೆ ಪಾದವನ್ನೇ ಕಳೆದುಕೊಳ್ಳುವ ಪ್ರಸಂಗವು ಬರಬಹುದು. ಚೀನ ದೇಶದಲ್ಲಿ ಶತಮಾನಗಳ ವರೆಗೆ ಎಳೆಯ ಹುಡುಗಿಯರ ಪಾದಗಳನ್ನು ಬಟ್ಟೆಯಿಂದ ಬಿಗಿದು ಮುರಿದು ಕಿರಿದು ಮಾಡುತ್ತಿದ್ದರು. 1912ರಲ್ಲಿ ಅಲ್ಲಿಯ ಗಣರಾಜ್ಯವು ಅದನ್ನು ನಿಷೇಧಿಸಿತು. ಆ ಕಟ್ಟುಗಳನ್ನು ಕಟ್ಟಿದವರೂ ತಾಯಂದಿರೇ, ಮಗಳ ಒಳ್ಳೆಯದಕ್ಕೆಂದೇ ಕಟ್ಟಿದರು. ಆ ಕ್ರೌರ್ಯಕ್ಕೂ ಇಂದಿನ ಇಕ್ಕಟ್ಟಿನ ಚಪ್ಪಲಿಗೂ ಅಂತರವು ಬಹಳ, ನಿಜ. ಆದರೆ ಎರಡರ ಹಿಂದೆಯೂ ಇರುವ ತರ್ಕವು ಒಂದೇ.

ಎರಡನೆಯ ಪೂರ್ವಪಕ್ಷವು ವೈರಾಗ್ಯದ ವೇಷದಲ್ಲಿ ಬರುವದು: "ಚೆಲುವನ್ನು ಬಿಡಿರಿ, ಸುಖವನ್ನು ಹಿಡಿಯಿರಿ. ಅಗಲವಾದ ರಬ್ಬರಿನ ಜೋಡು ಬೇಕಾದಷ್ಟು ದೊರೆಯುವದು. ಪ್ರೇಯಸ್ಸನ್ನು ತೊರೆದು ಶ್ರೇಯಸ್ಸನ್ನು ಆರಿಸಿಕೊಳ್ಳಿರೆಂದು ಉಪನಿಷತ್ತೇ ಹೇಳಿಲ್ಲವೆ?" ಹೇಳಿರುವದು ದಿಟ. ಆದರೆ ಕಠೋಪನಿಷತ್ತಿನ ನಚಿಕೇತನು ತನ್ನ ಪ್ರೇಯಸ್ಸನ್ನು ತಾನೇ ತೊರೆದನು. ನೆರೆಮನೆಯವಳ ಪ್ರೇಯಸ್ಸನ್ನು ತೊರೆಯಲಿಲ್ಲ. ಕಿರಿದಾದ ಪಾದದವಳಿಗೆ ಚೆಲುವೂ ಸುಖವೂ ಒಂದೇ ಜೋಡಿನಲ್ಲಿ ದೊರೆಯುತ್ತಿರಲು, ಅಗಲ ಪಾದದವಳೊಬ್ಬಳೇ ವೈರಾಗ್ಯವನ್ನು ಅಭ್ಯಾಸ ಮಾಡಬೇಕೆಂದರೆ ಅದು ಧರ್ಮೋಪದೇಶವಾಗದು, ಪಂಕ್ತಿಭೇದವಾಗುವದು. ತಮ್ಮನ ಲಗ್ನದಲ್ಲಿ ಒಪ್ಪವಾಗಿ ಕಾಣಬೇಕೆಂಬ ಅಕ್ಕನ ಆಸೆಯಲ್ಲಿ ದೋಷವೇನು? ಅದು ನೆಂಟರಿಗೆ ಸಲ್ಲಿಸುವ ಮರ್ಯಾದೆಯೂ ಹೌದು.

ಅಲ್ಲದೆ, ಚೆಲುವು ಬೇರೆ, ಸುಖ ಬೇರೆ ಎಂಬ ಈ ವಿಭಾಗವೇ ತಪ್ಪು. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದು ಸಾಧಿಸಿದನು; ಡಾಬನ್ನು ಕೊರಳಿಗೆ ತೊಟ್ಟರೆ ಚಿನ್ನವಾದರೂ ನಗೆಗೀಡೆಂಬದು ಆತನ ಮತ. ಇದೇ ಜಿಲ್ಲೆಯ ಇಟಗಿಯಲ್ಲಿ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವು ದೇವಾಲಯಚಕ್ರವರ್ತಿಯೆಂದು ಕೊಂಡಾಡಿದ ಗುಡಿಯನ್ನು ನೋಡಿದವರಿಗೆ ಇದು ಬೇಗ ಮನದಟ್ಟಾಗುವದು. ಅಲ್ಲಿ ಕಂಬಕ್ಕೆ ತಕ್ಕ ಬೋದಿಗೆಯುಂಟು, ಬೋದಿಗೆಗೆ ತಕ್ಕ ತೊಲೆಯುಂಟು. ಹೊಂದಿಕೆಯೇ ಅಲ್ಲಿಯ ಚೆಲುವು. ಬೆರಳುಗಳು ಉಬ್ಬಿ ಹೊರಚೆಲ್ಲುವ ಜರಿಯ ಚಪ್ಪಲಿಯು ಸುಖಕ್ಕೆ ಮಾತ್ರ ಸಲ್ಲದುದಲ್ಲ, ಚೆಲುವಿಗೂ ಸಲ್ಲದು, ಅನುಚಿತವಾದುದು ಸುಂದರವಾಗಲಾರದು.

ಇರಲಿ, ಉಪಾಯವೇನು? ಅದು ಬಹು ದೂರದಲ್ಲಿಲ್ಲ. ಹಿಂದೆ ಊರ ಸಮಗಾರನು ಕಾಲನ್ನು ನೋಡಿ, ಅದರ ಸುತ್ತ ಗೆರೆಯೆಳೆದು, ಆ ಗೆರೆಗೆ ಸರಿಯಾಗಿ ಅಟ್ಟೆಯನ್ನು ಕೊಯ್ಯುತ್ತಿದ್ದನು. ಅವನಲ್ಲಿ ನಂಬರಿರಲಿಲ್ಲ, ಆದುದರಿಂದ ನಂಬರಿಗೆ ಹೊಂದದ ಕಾಲೂ ಇರಲಿಲ್ಲ. ಆ ವಿದ್ಯೆಯು ಇನ್ನೂ ಬದುಕಿರುವದು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕೂಡಿ ಕೊಲ್ಲಾಪುರಿ ಚಪ್ಪಲಿಯ ಭೌಗೋಳಿಕ ಗುರುತು 2019ರಲ್ಲಿ ದೊರೆಯಿತು. ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಿಗಳು ಅದನ್ನು ಕೈಯಿಂದಲೇ ಹೊಲಿಯುವರು. ಉಂಗುಟವು ಹೆಬ್ಬೆರಳನ್ನು ಹಿಡಿಯುವದು, ಅಡ್ಡಪಟ್ಟಿಯು ಮೇಲ್ಗಾಲನ್ನು ಹಿಡಿಯುವದು, ಬೆರಳುಗಳು ಸ್ವತಂತ್ರ. ಸಿದ್ಧವಾದ ಜೋಡಿನ ಪಟ್ಟಿಯೂ ಅಗಲ ಪಾದಕ್ಕೆ ಬಿಗಿಯಾದೀತು. ಆದುದರಿಂದ ಅಳತೆ ಕೊಟ್ಟು ಮಾಡಿಸುವದೇ ಲೇಸು. ಸಂಜೆಯ ಹೊತ್ತು ಪಾದಗಳು ತುಸು ಊದಿರುವಾಗ, ಕಾಗದದ ಮೇಲೆ ಭಾರವೂರಿ ನಿಂತು, ಎರಡೂ ಪಾದಗಳ ಗೆರೆಯನ್ನು ತೆಗೆಯಿಸಬೇಕು. ಬೆರಳುಗಳ ಬುಡದಲ್ಲಿ, ಎಲ್ಲಕ್ಕೂ ಅಗಲವಾದೆಡೆಯಲ್ಲಿ, ಸುತ್ತಳತೆಯನ್ನು ಬರೆಯಿಸಬೇಕು. ಎರಡರಲ್ಲಿ ದೊಡ್ಡ ಪಾದವೇ ಪ್ರಮಾಣ. ಹೊಸ ತೊಗಲು ಮೊದಮೊದಲು ಗಡುಸಾಗಿರುವದರಿಂದ, ಸಕ್ಕರೆ ರೋಗದಿಂದ ಪಾದವು ಜೋಮು ಹಿಡಿದವರು ಮಾತ್ರ ಇದನ್ನು ಬಿಟ್ಟು, ವೈದ್ಯರು ಹೇಳುವ ಮೆತ್ತನೆಯ ರಬ್ಬರಿನ ಅಟ್ಟೆಯ ಜೋಡನ್ನೇ ತೊಡತಕ್ಕದ್ದು.

ಇಷ್ಟಾದರೂ ಒಂದು ಋಣವು ಉಳಿಯುವದು. ಕಾಲನ್ನು ಗೌರವಿಸಿ ಅಳೆದ ಆ ಕೈಗೆ ಸಮಾಜವು ಕೊಟ್ಟ ಗೌರವವೆಷ್ಟು? ತೊಗಲನ್ನು ಮುಟ್ಟಿದುದಕ್ಕಾಗಿ ಅವರನ್ನು ಊರ ಹೊರಗೆ ಇಟ್ಟರು. ಎಷ್ಟೋ ಊರುಗಳಲ್ಲಿ, ಎಲ್ಲರಿಗೂ ಮೆಟ್ಟು ಮಾಡಿಕೊಟ್ಟವನೇ ಮೇಲಿನ ಓಣಿಯಲ್ಲಿ ಮೆಟ್ಟು ಕಳಚಿ ನಡೆಯಬೇಕಾಗಿದ್ದಿತು. 12ನೆಯ ಶತಮಾನದ ಶರಣ ಹರಳಯ್ಯನೂ ಆತನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆಗಳನ್ನು ಮಾಡಿದರೆಂದೂ, ಬಸವಣ್ಣನು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನೆಂದೂ ಪರಂಪರೆಯು ಹೇಳುವದು. ಕಥೆಯನ್ನು ಕೇಳಿ ಕಣ್ಣೀರಿಟ್ಟವರೇ ಮರುದಿನ ಸಮಗಾರನೊಡನೆ ಹತ್ತು ರೂಪಾಯಿಗೆ ಜಗ್ಗಾಡುವರು. 2025ರ ಜೂನದಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದಲ್ಲಿ ಕೊಲ್ಲಾಪುರಿಯನ್ನೇ ಹೋಲುವ ಮೆಟ್ಟುಗಳನ್ನು ಪ್ರದರ್ಶಿಸಿ, ಆಕ್ಷೇಪಣೆಗಳು ಬಂದ ಮೇಲೆ ಅವುಗಳ ಮೂಲವು ಭಾರತದ ಕುಶಲಿಗಳದೆಂದು ಒಪ್ಪಿಕೊಂಡಿತು. ಹೊರಗಿನವರು ಬೆಲೆ ಕಟ್ಟಿದ ಮೇಲೆಯೇ ಮನೆಯ ವಸ್ತುವಿನ ಬೆಲೆ ತಿಳಿಯುವದಾದರೆ, ಅದು ನಾಚಿಕೆಯ ಸಂಗತಿಯೇ. ತನ್ನ ಪಾದಕ್ಕೆ ನ್ಯಾಯವನ್ನು ಬೇಡುವವಳು ಅದನ್ನು ಹೊಲಿಯುವ ಕೈಗೂ ನ್ಯಾಯವಾದ ಬೆಲೆಯನ್ನು ಕೊಡತಕ್ಕದ್ದು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ಸಾರಾಂಶವೇನೆಂದರೆ, ಆಸೆಗೆ ಹಾಸಿಗೆಯೇ ಅಳತೆ. ಮೆಟ್ಟಿಗೆ ಕಾಲೇ ಅಳತೆ. ಆ ಗೃಹಿಣಿಯು ಅಂಗಡಿಯಿಂದ ಬರಿಗೈಯಲ್ಲಿ ಮರಳಿದರೂ ಸೋತಂತಾಗಲಿಲ್ಲ. ಸಂಜೆ ಮನೆಯ ಪಡಸಾಲೆಯಲ್ಲಿ ಕಾಗದವನ್ನು ಹಾಸಿ, ಮೊದಲು ತಾನು ನಿಂತು, ಬಳಿಕ ಮಗಳನ್ನು ನಿಲ್ಲಿಸಿ, "ಬೆರಳ ಮುದುಡಬ್ಯಾಡವ್ವಾ, ಸಡಿಲ ಬಿಟ್ಟು ನಿಂದರು" ಎಂದು ಹೇಳಿ ಆ ಎಳೆಯ ಪಾದದ ಸುತ್ತ ಗೆರೆಯೆಳೆದರೆ ಸಾಕು. ಬೆಳಿಗ್ಗೆ ತಾಯಿಯು ಅರಿಯದೆ ಕೊಟ್ಟ ಬಳುವಳಿಯನ್ನು ಸಂಜೆ ಅರಿತು ಹಿಂದಕ್ಕೆ ತೆಗೆದುಕೊಂಡಂತಾಗುವದು.